14 ಕಿಲೋಮೀಟರ್ ಆಚೆಯ ಕ್ಯಾಮೆರಾಗಳಿಗೆ ಯಾವ ಫೈಬರ್ ರಿಸೀವರ್?

ನಮ್ಮ ನಿಯಂತ್ರಣ ಕೊಠಡಿಯಿಂದ ಪಂಪ್‌ಹೌಸ್‌ಗೆ ಎಳೆದಿರುವ ಫೈಬರ್ 14 ಕಿಲೋಮೀಟರ್ ಉದ್ದವಿದೆ. ಅಲ್ಲಿ ಎಂಟು ಕ್ಯಾಮೆರಾಗಳಿವೆ, ರಾತ್ರಿ ಹೊತ್ತು ಕಾವಲಿಗೆ ಯಾರೂ ಇರುವುದಿಲ್ಲ, ಮತ್ತು ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ, ಮೀಟರು, ಏಣಿ ಎಲ್ಲವನ್ನೂ ಹೊತ್ತುಕೊಂಡು ಹೋಗಿ ದುರಸ್ತಿ ಮುಗಿಸಿ ಬರುವುದಕ್ಕೆ ಕಡಿಮೆಯೆಂದರೂ ಅರ್ಧ ದಿನ ಹಿಡಿಯುತ್ತದೆ. ಇಂತಹ ಜಾಗಕ್ಕೆ ರಿಸೀವರ್ (ಫೈಬರ್‌ನಲ್ಲಿ ಬಂದ ಬೆಳಕನ್ನು ಮತ್ತೆ ಚಿತ್ರವಾಗಿಸುವ ಉಪಕರಣ) ಆರಿಸುವಾಗ ಚಿತ್ರದ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಒಂದಿದೆ: ಬೆಳಕು ಕುಗ್ಗುತ್ತಿರುವುದನ್ನು ಆ ಉಪಕರಣ ಎಷ್ಟು ಮುಂಚಿತವಾಗಿ ನಮಗೆ ತಿಳಿಸುತ್ತದೆ ಎಂಬುದು. ಲಿಂಕ್ ಸುಸ್ಥಿತಿಯಲ್ಲಿರುವ ದಿನ ಎಲ್ಲ ರಿಸೀವರ್‌ಗಳೂ ಒಳ್ಳೆಯ ಚಿತ್ರವನ್ನೇ ಕೊಡುತ್ತವೆ. ಅವುಗಳ ಗುಣ ಬೇರೆಯಾಗುವುದು ಲಿಂಕ್ ಹದಗೆಡುವ ದಿನ. ನಾಲ್ಕು ಬಗೆಯ ರಿಸೀವರ್‌ಗಳನ್ನು ನಾನು ಇದೇ ದೃಷ್ಟಿಯಿಂದ ಪರೀಕ್ಷಿಸಿದೆ.

ತಾಮ್ರದ ತಂತಿಯ ಮಾತನ್ನು ಇಲ್ಲಿ ಎತ್ತುವ ಅಗತ್ಯವಿಲ್ಲ. ಈಥರ್ನೆಟ್ ಕೇಬಲ್ 100 ಮೀಟರಿಗೆ ಮುಗಿಯುತ್ತದೆ, ಸಾಮಾನ್ಯ ಕೋಆಕ್ಸಿಯಲ್ ಕೇಬಲ್ ಸುಮಾರು 300 ಮೀಟರಿಗೆ ದಣಿಯುತ್ತದೆ. ಮೇಲಾಗಿ ಎರಡು ಕಟ್ಟಡಗಳ ಅರ್ತಿಂಗ್ ನಡುವಿನ ವ್ಯತ್ಯಾಸದಿಂದ ಪರದೆಯ ಮೇಲೆ ಅಡ್ಡಪಟ್ಟಿಗಳು ಉರುಳುವ ಕಾಟ ಬೇರೆ. ಗಾಜಿನ ಎಳೆಗೆ ಇವೆರಡೂ ಬಾಧಿಸುವುದಿಲ್ಲ.

ಪರೀಕ್ಷೆಗೆ ಮೊದಲು ಬೆಳಕಿನ ಲೆಕ್ಕ ಹಾಕಿಕೊಂಡೆ. ದೂರದ ಮಾರ್ಗಗಳಿಗೆ ಬಳಸುವ, ಸಣ್ಣ ತಿರುಳಿನ ಸಿಂಗಲ್ ಮೋಡ್ ಫೈಬರ್‌ನಲ್ಲಿ 1310 ನ್ಯಾನೊಮೀಟರ್ ತರಂಗಾಂತರದ ಬೆಳಕು ಕಿಲೋಮೀಟರಿಗೆ ಸುಮಾರು 0.35 ಡಿಬಿ (ಡೆಸಿಬೆಲ್, ಬೆಳಕು ಎಷ್ಟು ಕುಗ್ಗಿತೆಂಬುದರ ಅಳತೆ) ನಷ್ಟವಾಗುತ್ತದೆ. 1550 ನ್ಯಾನೊಮೀಟರ್‌ನಲ್ಲಿ ನಷ್ಟ 0.2 ಡಿಬಿಯ ಆಸುಪಾಸಿನಲ್ಲಿರುತ್ತದೆ. ಹಾಗಾಗಿ 14 ಕಿಲೋಮೀಟರಿಗೆ 1310ರಲ್ಲಿ 4.9 ಡಿಬಿ, ದಾರಿಯ ಐದು ಸ್ಪ್ಲೈಸ್‌ಗಳಿಗೆ ತಲಾ 0.1ರಂತೆ ಅರ್ಧ ಡಿಬಿ, ಎರಡು ತುದಿಗಳ ಕನೆಕ್ಟರ್‌ಗಳಿಗೆ ಒಂದು ಡಿಬಿ ಸೇರಿಸಿದರೆ ಒಟ್ಟು 6.4 ಆಗುತ್ತದೆ. ಪವರ್ ಮೀಟರ್ ಇಟ್ಟು ಅಳೆದಾಗ 7.1 ಬಂತು. ಹೆಚ್ಚುವರಿ 0.7 ಡಿಬಿ ಎಲ್ಲಿ ಹೋಯಿತು ಎಂದು ಹುಡುಕಿದಾಗ ಪಂಪ್‌ಹೌಸ್ ಕಡೆಯ ಕನೆಕ್ಟರ್‌ನ ತುದಿಯಲ್ಲಿ ಬೆರಳಿನ ಜಿಡ್ಡು ಸಿಕ್ಕಿತು. ಬೆಳಕು ಸಾಗುವ ತಿರುಳಿನ ಅಗಲ ಕೇವಲ 9 ಮೈಕ್ರಾನ್. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಪುಟ್ಟ ವೃತ್ತದ ಮೇಲೆ ಬೆರಳಿನ ಗೆರೆಯೊಂದು ಹೊಲದ ಬದುವಿನಂತೆ ಅಡ್ಡ ಬಿದ್ದಿತ್ತು. ಒರೆಸಿದ ಮೇಲೆ ನಷ್ಟ 6.5ಕ್ಕೆ ಇಳಿಯಿತು. ರಿಸೀವರ್ ಸರಿಯಿಲ್ಲವೆಂದು ದೂರುವ ಮೊದಲು ತುದಿಯನ್ನು ಒರೆಸಿ ನೋಡಬೇಕೆಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ.

ಪರೀಕ್ಷೆಯ ಕ್ರಮ ಸರಳವಾಗಿತ್ತು. ರಿಸೀವರ್‌ನ ಮುಂದೆ ಬೆಳಕನ್ನು ಬೇಕಾದಷ್ಟು ಕುಗ್ಗಿಸುವ ಅಟೆನ್ಯುಯೇಟರ್ ಜೋಡಿಸಿ, ಒಂದೊಂದೇ ಡಿಬಿ ಹೆಚ್ಚಿಸುತ್ತ, ಪ್ರತಿ ಹಂತದಲ್ಲೂ ಐದು ನಿಮಿಷ ಪರದೆಯನ್ನು ನೋಡುತ್ತ ಕುಳಿತೆ. ಬಣ್ಣದ ಪಟ್ಟಿಗಳ ಚಿತ್ರವೊಂದನ್ನು ಮತ್ತು ಮುಸ್ಸಂಜೆಯ ಬೆಳಕಿನಲ್ಲಿ ಕಾಣುವ ಗೇಟಿನ ದೃಶ್ಯವನ್ನು ಎಲ್ಲದಕ್ಕೂ ಸಮಾನವಾಗಿ ಬಳಸಿದೆ, ಏಕೆಂದರೆ ಚುಕ್ಕೆಗಳು ಮೊದಲು ಕಾಣಿಸಿಕೊಳ್ಳುವುದು ಕತ್ತಲಿರುವ ಭಾಗದಲ್ಲಿ.

ಮೊದಲನೆಯದು ಹಳೆಯ ಎಎಂ ರಿಸೀವರ್. ಚಿತ್ರದ ಹೊಳಪಿಗೆ ತಕ್ಕಂತೆ ಬೆಳಕಿನ ತೀವ್ರತೆಯನ್ನೇ ಏರಿಳಿಸಿ ಕಳುಹಿಸುವ ವಿಧಾನ ಇದರದು. ಇದು ಅಗಲ ತಿರುಳಿನ ಮಲ್ಟಿಮೋಡ್ ಫೈಬರ್‌ನಲ್ಲಿ 850 ನ್ಯಾನೊಮೀಟರ್ ಎಲ್‌ಇಡಿ ಬೆಳಕಿನಿಂದ ಕೆಲಸ ಮಾಡುತ್ತದೆ. ಅಲ್ಲಿ ಕಿಲೋಮೀಟರಿಗೆ 3 ಡಿಬಿಯಷ್ಟು ನಷ್ಟವಿರುವುದರಿಂದ 14 ಕಿಲೋಮೀಟರಿನ ಯೋಚನೆಯನ್ನೇ ಮಾಡುವಂತಿಲ್ಲ. ಆವರಣದೊಳಗಿನ ಹಿಂದಿನ ಗೇಟಿಗೆ ಹೋಗುವ 1.2 ಕಿಲೋಮೀಟರ್ ಮಾರ್ಗದಲ್ಲಿ ಇದನ್ನು ಪರೀಕ್ಷಿಸಿದೆ. ಬೆಳಕು ಒಂದು ಡಿಬಿ ಕುಗ್ಗಿದರೆ ವಿದ್ಯುತ್ ಸಂಕೇತ ಎರಡು ಡಿಬಿ ಕುಗ್ಗುತ್ತದೆ ಎಂಬ ನಿಯಮ ಇದರ ಪರದೆಯಲ್ಲಿ ಕಣ್ಣಿಗೇ ಕಾಣುತ್ತದೆ: ಪ್ರತಿ ಹಂತದಲ್ಲೂ ಚುಕ್ಕೆಗಳು ಸ್ವಲ್ಪ ಸ್ವಲ್ಪವೇ ಹೆಚ್ಚುತ್ತ ಹೋಗುತ್ತವೆ. ಹಾಗಿದ್ದೂ ಗೇಟಿನಲ್ಲಿ ನಿಂತವರು ಒಬ್ಬರೋ ಇಬ್ಬರೋ ಎಂಬುದು ಬಹಳ ಹೊತ್ತು ತಿಳಿಯುತ್ತಲೇ ಇತ್ತು. ಈ ಗುಣದ ಬಗ್ಗೆ ನನಗೆ ಗೌರವವಿದೆ.

ಎರಡನೆಯದು ಸಿಂಗಲ್ ಮೋಡ್ ಎಫ್‌ಎಂ ರಿಸೀವರ್. ಬೆಳಕು ಬರುವಾಗಲೇ ಏರಿಳಿದರೂ ಚಿತ್ರದ ಹೊಳಪು ಇದರಲ್ಲಿ ಬದಲಾಗುವುದಿಲ್ಲ, ಏಕೆಂದರೆ ಮಾಹಿತಿ ಇರುವುದು ತೀವ್ರತೆಯಲ್ಲಲ್ಲ, ಆವರ್ತನದಲ್ಲಿ. ನಮ್ಮ ಮಾರ್ಗದಲ್ಲಿ ಇನ್ನೂ 9 ಡಿಬಿ ಸೇರಿಸುವವರೆಗೆ ಗೇಟಿನ ದೃಶ್ಯ ಶುಭ್ರವಾಗಿತ್ತು. ಅಲ್ಲಿಂದ ಮುಂದೆ ಬಿಳಿ ಕಿಡಿಗಳು ಹಾರತೊಡಗಿ, 12 ಡಿಬಿ ಆಗುವ ವೇಳೆಗೆ ಚಿತ್ರ ಉಪಯೋಗಕ್ಕೆ ಬಾರದಂತಾಯಿತು. ಎಎಂನಷ್ಟು ಉದ್ದದ ಮುನ್ಸೂಚನೆ ಇಲ್ಲವಾದರೂ ಮೂರು ಡಿಬಿಯ ಎಚ್ಚರಿಕೆ ಸಿಗುತ್ತದೆ. ಇದರ ತೊಡಕೆಂದರೆ, ನಾನು ಬಳಸಿದ ಮಾದರಿ ಒಂದು ಎಳೆಗೆ ಒಂದೇ ಕ್ಯಾಮೆರಾ ಒಯ್ಯುತ್ತದೆ. ಎಂಟು ಕ್ಯಾಮೆರಾಗಳಿಗೆ ಎಂಟು ಎಳೆ ಮೀಸಲಿಡುವುದು ನಮ್ಮ ಕೇಬಲ್‌ನಲ್ಲಿ ಸಾಧ್ಯವಿರಲಿಲ್ಲ.

ಮೂರನೆಯ ರಿಸೀವರ್‌ನ ಬಗ್ಗೆ ನನಗೆ ಹೆಚ್ಚು ಹೇಳುವುದಿದೆ. ಇದು ಎಂಟು ಚಾನೆಲ್‌ಗಳ ಡಿಜಿಟಲ್ ಉಪಕರಣ. ಪ್ರತಿ ಚಿತ್ರವನ್ನೂ 10 ಬಿಟ್‌ಗಳಲ್ಲಿ, ಕಂಪ್ರೆಸ್ ಮಾಡದೆ, ಒಂದೇ ಎಳೆಯಲ್ಲಿ ಕಳುಹಿಸುತ್ತದೆ. ಚಿತ್ರ 1550 ನ್ಯಾನೊಮೀಟರ್‌ನಲ್ಲಿ ಬರುತ್ತದೆ, ಕ್ಯಾಮೆರಾ ತಿರುಗಿಸುವ ಆರ್‌ಎಸ್-485 ಆದೇಶಗಳು ಅದೇ ಎಳೆಯಲ್ಲಿ 1310ರಲ್ಲಿ ಹೋಗುತ್ತವೆ. ಚಿತ್ರದ ಗುಣದಲ್ಲಿ ಇದಕ್ಕೆ ಸಾಟಿಯಿಲ್ಲ. ಪಂಪ್‌ಹೌಸ್‌ನಲ್ಲಿ ಕ್ಯಾಮೆರಾದ ಮುಂದೆ ಫೋನಿನ ಸ್ಟಾಪ್‌ವಾಚ್ ಹಿಡಿಸಿ, ಇಲ್ಲಿನ ಪರದೆಯನ್ನೂ ಅದೇ ಸಮಯಕ್ಕೆ ಹೊಂದಿಸಿದ ಇನ್ನೊಂದು ಫೋನನ್ನೂ ಒಟ್ಟಿಗೆ ಚಿತ್ರೀಕರಿಸಿ ನೋಡಿದಾಗ ವಿಳಂಬ ಒಂದು ಫ್ರೇಮಿನೊಳಗೇ ಇತ್ತು. ಜಾಯ್‌ಸ್ಟಿಕ್ ಬಿಟ್ಟ ಕಡೆಯೇ ಕ್ಯಾಮೆರಾ ನಿಲ್ಲುತ್ತದೆ. ರಾತ್ರಿಪಾಳಿಯವರು ಇದನ್ನು ಬಿಟ್ಟುಕೊಡಲು ಒಪ್ಪದಿರುವುದಕ್ಕೆ ಇದೇ ಕಾರಣ, ಮತ್ತು ಅವರ ಮಾತು ಸರಿಯಾಗಿದೆ.

ಆದರೆ ಇದು ಹೇಳದೆ ಕೇಳದೆ ಕೈಕೊಡುತ್ತದೆ. 14 ಡಿಬಿ ಸೇರಿಸಿದಾಗಲೂ ಚಿತ್ರದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. 15ನೆಯದಕ್ಕೆ ಎಂಟೂ ಪರದೆಗಳು ಒಮ್ಮೆಲೇ ನೀಲಿಯಾದವು. ಮುಂಭಾಗದಲ್ಲಿರುವ ಒಂದೇ ಒಂದು ಹಸಿರು ದೀಪ ಕೊನೆಯ ಕ್ಷಣದವರೆಗೂ ಉರಿಯುತ್ತಲೇ ಇತ್ತು. ಇದು ಮೇಜಿನ ಮೇಲಿನ ಅನುಭವ ಮಾತ್ರವಲ್ಲ. ಅಳವಡಿಸಿದ ಎರಡನೇ ತಿಂಗಳಲ್ಲಿ ಒಂದು ರಾತ್ರಿ ಚಿತ್ರಗಳೆಲ್ಲ ಹೋದವು. ಫೈಬರ್ ಕಡಿದಿದೆಯೆಂದೇ ಎಲ್ಲರೂ ಭಾವಿಸಿದೆವು. ಪಂಪ್‌ಹೌಸ್‌ಗೆ ಹೋಗಿದ್ದ ಸಹೋದ್ಯೋಗಿಗೆ ಫೋನ್ ಹಚ್ಚಿ, ಇಲ್ಲಿಂದ ಜಾಯ್‌ಸ್ಟಿಕ್ ಅಲುಗಿಸಿ, ಕ್ಯಾಮೆರಾ ತಿರುಗುತ್ತಿದೆಯೇ ಎಂದು ಕೇಳಿದೆ. ತಿರುಗುತ್ತಿದೆ ಎಂದರು. ಆದೇಶ ಹೋಗುತ್ತಿದೆ, ಚಿತ್ರ ಬರುತ್ತಿಲ್ಲ ಎಂದಮೇಲೆ ಎಳೆ ಕಡಿದಿಲ್ಲ, ಎಲ್ಲೋ ಬಾಗಿದೆ ಎಂದು ಅನುಮಾನ ಬಂತು, ಏಕೆಂದರೆ ಫೈಬರ್ ಬಿಗಿಯಾಗಿ ಬಾಗಿದಾಗ 1550ರ ಬೆಳಕು 1310ರ ಬೆಳಕಿಗಿಂತ ಬಹಳ ಹೆಚ್ಚಾಗಿ ಸೋರಿಹೋಗುತ್ತದೆ. ಅಲ್ಲಿನ ಉಪಕರಣಗಳ ಪೆಟ್ಟಿಗೆಯ ಬಾಗಿಲು ಹಾಕುವಾಗ ಪ್ಯಾಚ್ ಕಾರ್ಡ್ (ಉಪಕರಣಕ್ಕೆ ಜೋಡಿಸುವ ಚಿಕ್ಕ ಫೈಬರ್ ತುಂಡು) ಅದರ ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಬಾಗಿಲು ತೆಗೆದು ಅದನ್ನು ಬಿಡಿಸಿದ ಕೂಡಲೇ ಎಂಟೂ ಚಿತ್ರಗಳು ಮರಳಿದವು. ಆ ಪ್ಯಾಚ್ ಕಾರ್ಡ್ ಎಷ್ಟು ದಿನದಿಂದ ಹಾಗೆ ನಲುಗುತ್ತಿತ್ತೋ, ರಿಸೀವರ್ ಒಂದು ದಿನವೂ ಹೇಳಿರಲಿಲ್ಲ ಎಂಬುದು ನನ್ನನ್ನು ಈಗಲೂ ಕಾಡುತ್ತದೆ.

ನಾಲ್ಕನೆಯದು ಐಪಿ ಕ್ಯಾಮೆರಾಗಳ, ಅಂದರೆ ನೆಟ್‌ವರ್ಕ್ ಮೂಲಕ ಚಿತ್ರ ಕಳುಹಿಸುವ ಕ್ಯಾಮೆರಾಗಳ ದಾರಿ. ಇಲ್ಲಿ ವಿಡಿಯೋ ರಿಸೀವರ್ ಎಂಬ ಪ್ರತ್ಯೇಕ ಉಪಕರಣವಿಲ್ಲ. ನೆಟ್‌ವರ್ಕ್ ಸ್ವಿಚ್‌ನಲ್ಲಿ ಕೂರುವ ಎಸ್‌ಎಫ್‌ಪಿ ಎಂಬ ಪುಟ್ಟ ಮಾಡ್ಯೂಲೇ ಬೆಳಕನ್ನು ಹಿಡಿಯುತ್ತದೆ. ಒಂದು ಗಿಗಾಬಿಟ್ ಲಿಂಕ್‌ನಲ್ಲಿ ತಲಾ 4 ಮೆಗಾಬಿಟ್‌ನ ಎಂಟು ಕ್ಯಾಮೆರಾಗಳು 32 ಮೆಗಾಬಿಟ್ ಮಾತ್ರ ಬಳಸುತ್ತವೆ, ಹಾಗಾಗಿ ಮುಂದೆ ಕ್ಯಾಮೆರಾಗಳನ್ನು ಸೇರಿಸುವ ಚಿಂತೆಯಿಲ್ಲ. ಎಸ್‌ಎಫ್‌ಪಿ ಕೊಳ್ಳುವಾಗ ದೂರದ ಅಂಕಿ ನೋಡಬೇಕು: 10 ಕಿಲೋಮೀಟರಿನದು ನಮಗೆ ಸಾಲದು, 80 ಕಿಲೋಮೀಟರಿನದನ್ನು ತಂದು ಮೇಜಿನ ಮೇಲೆ ಒಂದು ಮೀಟರ್ ಪ್ಯಾಚ್ ಕಾರ್ಡ್‌ನಿಂದ ಜೋಡಿಸಿದರೆ ಅತಿಯಾದ ಬೆಳಕಿಗೆ ರಿಸೀವರ್ ಸುಟ್ಟುಹೋಗುವ ಅಪಾಯವಿದೆ. ನಾನು 20 ಕಿಲೋಮೀಟರಿನ ಜೋಡಿಯನ್ನು ಬಳಸಿದೆ. ಹೆಚ್ಚುವರಿ 11 ಡಿಬಿಗೆ ಲಿಂಕ್ ಬಿತ್ತು, ಅದೂ ಮೂರನೆಯದರಷ್ಟೇ ಹಠಾತ್ತಾಗಿ.

ಹಾಗಾದರೆ ಇದರಲ್ಲಿ ಹೆಚ್ಚೇನು? ಡಿಡಿಎಂ ಸೌಲಭ್ಯವಿರುವ ಎಸ್‌ಎಫ್‌ಪಿ ತಾನು ಪಡೆಯುತ್ತಿರುವ ಬೆಳಕನ್ನು ಸದಾ ಅಳೆದು ಡಿಬಿಎಂನಲ್ಲಿ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡಿಬಿ) ಹೇಳುತ್ತದೆ. ಅಟೆನ್ಯುಯೇಟರ್ ತಿರುಗಿಸಿದಂತೆ ಪರದೆಯ ಮೇಲಿನ ಅಂಕಿ −12ರಿಂದ −13, −14 ಎಂದು ನನ್ನ ಕೈಯನ್ನೇ ಹಿಂಬಾಲಿಸಿತು. ಚಿತ್ರದಲ್ಲಿ ಮಾತ್ರ ಯಾವ ಬದಲಾವಣೆಯೂ ಇರಲಿಲ್ಲ. ಅಂದರೆ ಎಎಂ ರಿಸೀವರ್ ಚುಕ್ಕೆಗಳ ಮೂಲಕ ಹೇಳುತ್ತಿದ್ದುದನ್ನು ಇದು ಚಿತ್ರ ಕೆಡಿಸದೆಯೇ ಅಂಕಿಯಲ್ಲಿ ಹೇಳುತ್ತದೆ. ಒಂದು ಎಚ್ಚರಿಕೆ ಅಗತ್ಯ: ಈ ಅಂಕಿಯನ್ನು ಓದಿ ಹೊರಗೆ ತಿಳಿಸುವ ಮ್ಯಾನೇಜ್ಡ್ ಸ್ವಿಚ್ ಇರಬೇಕು. ಫೈಬರ್ ಸಂಕೇತವನ್ನು ತಾಮ್ರದ ತಂತಿಗೆ ಬದಲಿಸುವ ಸಾಧಾರಣ ಮೀಡಿಯಾ ಕನ್ವರ್ಟರ್‌ನಲ್ಲಿ ಅದೇ ಎಸ್‌ಎಫ್‌ಪಿಯನ್ನು ಸಿಕ್ಕಿಸಿದರೆ ಅದು ಮೂಕವಾಗುತ್ತದೆ, ಮತ್ತು ನಾವು ಮೂರನೆಯ ರಿಸೀವರ್‌ನ ಸ್ಥಿತಿಗೇ ಮರಳುತ್ತೇವೆ.

ಐಪಿಯ ಕೊರತೆಗಳೂ ಸಣ್ಣವಲ್ಲ. ಅದೇ ಸ್ಟಾಪ್‌ವಾಚ್ ಪರೀಕ್ಷೆಯಲ್ಲಿ ವಿಳಂಬ ಸುಮಾರು 250 ಮಿಲಿಸೆಕೆಂಡ್ ಬಂತು. ಇದರಲ್ಲಿ ಫೈಬರ್‌ನ ಪಾಲು ನಗಣ್ಯ, 14 ಕಿಲೋಮೀಟರಿಗೆ 70 ಮೈಕ್ರೋಸೆಕೆಂಡ್. ಉಳಿದುದೆಲ್ಲ ಚಿತ್ರವನ್ನು ಕಂಪ್ರೆಸ್ ಮಾಡಿ ಮತ್ತೆ ಬಿಡಿಸುವ ಸಮಯ. ಓಡುವ ವಾಹನವನ್ನು ಜಾಯ್‌ಸ್ಟಿಕ್‌ನಿಂದ ಹಿಂಬಾಲಿಸುವಾಗ ಕ್ಯಾಮೆರಾ ಪ್ರತಿಸಲವೂ ಗುರಿ ದಾಟಿ ನಿಲ್ಲುತ್ತದೆ. ಇದಕ್ಕಿಂತ ಗಂಭೀರವಾದದ್ದು ನಿಂತ ಚಿತ್ರ. ಲಿಂಕ್ ಬಿದ್ದಾಗ ನಮ್ಮ ತಂತ್ರಾಂಶ ಕೊನೆಯ ಫ್ರೇಮನ್ನು ಹಲವು ಸೆಕೆಂಡು ಹಾಗೆಯೇ ಹಿಡಿದಿಟ್ಟುಕೊಂಡಿತು. ಖಾಲಿ ಗೇಟಿನ ನಿಂತ ಚಿತ್ರಕ್ಕೂ ಖಾಲಿ ಗೇಟಿನ ನೇರ ಚಿತ್ರಕ್ಕೂ ವ್ಯತ್ಯಾಸ ತಿಳಿಯುವುದು ಮೂಲೆಯ ಗಡಿಯಾರದಲ್ಲಿ ಮಾತ್ರ. ನೀಲಿ ಪರದೆಯಾದರೆ ಕನಿಷ್ಠ ಸುಳ್ಳು ಹೇಳುವುದಿಲ್ಲ.

ಬಿಸಿಲಿನ ಪೆಟ್ಟಿಗೆಯ ಪರೀಕ್ಷೆಯನ್ನೂ ಮಾಡಿದೆ, ಆದರೆ ಅದು ರಿಸೀವರ್‌ಗಿಂತ ಆ ತುದಿಯ ಟ್ರಾನ್ಸ್‌ಮಿಟರ್‌ಗೆ ಸಂಬಂಧಿಸಿದ ಮಾತು: ಕಬ್ಬಿಣದ ಪೆಟ್ಟಿಗೆಯೊಳಗೆ ಇಡುವ ಯಾವುದೇ ಉಪಕರಣ 75 ಡಿಗ್ರಿ ಸೆಲ್ಸಿಯಸ್‌ವರೆಗೆ ತಾಳುವ ಕೈಗಾರಿಕಾ ದರ್ಜೆಯದಾಗಿರಲಿ.

ಹಿಂದಿನ ಗೇಟಿನ ಎಎಂ ರಿಸೀವರ್ ಇದ್ದಲ್ಲೇ ಇದೆ, 1.2 ಕಿಲೋಮೀಟರಿಗೆ ಅದನ್ನು ಬದಲಾಯಿಸುವ ಕಾರಣ ಕಾಣಲಿಲ್ಲ. ಎಫ್‌ಎಂ ಅನ್ನು ಕೈಬಿಟ್ಟೆ. ಪಂಪ್‌ಹೌಸ್‌ನ ಎಂಟರಲ್ಲಿ ಆರು ಸ್ಥಿರ ಕ್ಯಾಮೆರಾಗಳು ಐಪಿಗೆ ಹೋದವು. ತಿರುಗುವ ಎರಡು ಕ್ಯಾಮೆರಾಗಳು ಮಾತ್ರ ಡಿಜಿಟಲ್ ರಿಸೀವರ್‌ನಲ್ಲೇ ಉಳಿದು ಅದೇ ಕೇಬಲ್‌ನ ಪಕ್ಕದ ಎಳೆಯಲ್ಲಿ ಬರುತ್ತಿವೆ. ಕೇಬಲ್‌ಗೆ ಎಲ್ಲಿ ಪೆಟ್ಟು ಬಿದ್ದರೂ ಎರಡೂ ಎಳೆಗಳಿಗೆ ತಟ್ಟುವ ಸಾಧ್ಯತೆಯೇ ಹೆಚ್ಚಾದ್ದರಿಂದ, ಎಸ್‌ಎಫ್‌ಪಿ ತೋರುವ ಅಂಕಿ ಮೂಕ ರಿಸೀವರ್‌ಗೂ ಒಂದಿಷ್ಟು ಕಾವಲಾಗುತ್ತದೆ. ಪ್ಯಾಚ್ ಕಾರ್ಡ್‌ಗೆ ಮಾತ್ರ ಆ ರಕ್ಷಣೆ ಇಲ್ಲ, ಹಾಗಾಗಿ ಪೆಟ್ಟಿಗೆಯೊಳಗೆ ಅದನ್ನು ಅಗಲವಾಗಿ ಸುತ್ತಿ ಬಾಗಿಲಿನಿಂದ ದೂರ ಕಟ್ಟಿಸಿದ್ದೇನೆ. ಎಸ್‌ಎಫ್‌ಪಿಯ ಅಂಕಿ −15 ಡಿಬಿಎಂಗೆ ಇಳಿದರೆ ಕೊಠಡಿಯಲ್ಲಿ ಗಂಟೆ ಬಾರಿಸುವಂತೆ ಸ್ವಿಚ್ ಹೊಂದಿಸಿದ್ದೇವೆ. ಅಳವಡಿಸಿದ ದಿನದ −11.8 ಎಂಬ ಅಂಕಿಯನ್ನು ರ‍್ಯಾಕ್‌ನ ಬಾಗಿಲ ಒಳಬದಿಯಲ್ಲಿ ಬರೆದು ಅಂಟಿಸಿದ್ದೇನೆ. ಪ್ರತಿ ಸೋಮವಾರ ಆ ದಿನದ ಅಂಕಿಯನ್ನು ಅದರ ಕೆಳಗೆ ಬರೆಯುತ್ತೇವೆ.