ಪಾಂಡವಪುರ ಕಡೆಯ ಗೌಡರ ಕೊಟ್ಟಿಗೆ: ತುಪ್ಪ ಹೇಗಿದೆ, ತಾತ ಹೋದ ಮೇಲೂ ಹಾಗೇ ಇದೆಯಾ?

ಪಾಂಡವಪುರ ದಾಟಿ ಮೇಲುಕೋಟೆ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ, ಒಂದು ಹಳ್ಳಿಯಲ್ಲಿ, ಬೋರ್ಡೇ ಇಲ್ಲದ ಮನೆಯೊಂದರಲ್ಲಿ ಹಳ್ಳಿಕಾರ್ ಹಸುವಿನ ತುಪ್ಪ ಮಾರುತ್ತಾರೆ. ಊರವರ ಬಾಯಲ್ಲಿ ಅದು ಗೌಡ್ರ ಕೊಟ್ಟಿಗೆ. ಮೈಸೂರಿನ ನಮ್ಮ ಮನೆಗೆ ವರ್ಷಗಳಿಂದ ತುಪ್ಪ ಬರುವುದು ಅಲ್ಲಿಂದಲೇ. ಗೆಳೆಯರು, ನೆಂಟರು ಕೇಳುತ್ತಲೇ ಇರುತ್ತಾರೆ: ಅಷ್ಟು ದುಡ್ಡು ಕೊಡಬಹುದಾ, ಅಸಲಿ ತುಪ್ಪಾನಾ, ಆ ಮನೆಯ ಯಜಮಾನರಾಗಿದ್ದ ತಾತ ತೀರಿಕೊಂಡ ಮೇಲೂ ಹಾಗೇ ಇದೆಯಾ ಅಂತ. ಮೂರಕ್ಕೂ ನನ್ನ ಉತ್ತರ ಹೌದು. ಆದರೆ ಮೂರನೆಯದಕ್ಕೆ ಬರೀ ಹೌದು ಅಂದರೆ ಸಾಲದು, ಆ ತಾತನ ಬಗ್ಗೆ ನಾಲ್ಕು ಮಾತು ಹೇಳಲೇಬೇಕು.

ಮೊದಲು ತುಪ್ಪ. ಹಾಲಿನ ಕೆನೆ ತೆಗೆದು ಮಿಷನ್ನಿಗೆ ಹಾಕಿ ಮಾಡಿದ್ದಲ್ಲ ಇದು. ಹಾಲು ಕಾಯಿಸಿ, ಹೆಪ್ಪು ಹಾಕಿ, ಬೆಳಗಿನ ಜಾವ ಮೊಸರು ಕಡೆದು ಬೆಣ್ಣೆ ತೆಗೆಯುತ್ತಾರೆ. ಬೆಣ್ಣೆ ಕಾಯಿಸುವುದು ಸೌದೆ ಒಲೆಯ ಮೇಲೆ. ತಾತನ ಸೊಸೆ, ನಾವೆಲ್ಲ ಅಕ್ಕ ಅನ್ನುವವರು, ಒಲೆ ಬಿಟ್ಟು ಏಳುವುದೇ ಇಲ್ಲ. ಮೊದಲು ಬೆಣ್ಣೆ ಕರಗಿ ನೊರೆ ಏಳುತ್ತದೆ, ಆಮೇಲೆ ಚಟಚಟ ಸದ್ದು ಶುರುವಾಗುತ್ತದೆ, ಆ ಸದ್ದು ತಗ್ಗುತ್ತಾ ಬಂದಾಗ ಅಕ್ಕ ಎರಡು ಕೊಳ್ಳಿ ಹಿಂದಕ್ಕೆ ಎಳೆದು, ವೀಳ್ಯದೆಲೆ ಹರಿದು ಹಾಕಿ, ಕಿವಿಗೊಟ್ಟು ಕೂರುತ್ತಾರೆ. ಸದ್ದು ಪೂರಾ ನಿಂತ ಕೂಡಲೇ ಪಾತ್ರೆ ಕೆಳಗೆ. ಒಂದು ಗಳಿಗೆ ತಡವಾದರೂ ಸೀದ ವಾಸನೆ ಬರುತ್ತದೆ, ಬೇಗ ಇಳಿಸಿದರೆ ತುಪ್ಪ ಬೇಗ ಕೆಡುತ್ತದೆ. ತಳದಲ್ಲಿ ಉಳಿಯುವ ಕಂದು ಗಸಿಗೆ ಬೆಲ್ಲ ಕಲಸಿ ಮಕ್ಕಳ ಕೈಗೆ ಕೊಡುತ್ತಾರೆ. ನೀವು ಆ ಹೊತ್ತಿಗೆ ಅಲ್ಲಿದ್ದರೆ ನಿಮಗೂ ಒಂದು ಉಂಡೆ ಸಿಗುತ್ತದೆ, ಬೇಡ ಅನ್ನಬೇಡಿ.

ಬಣ್ಣ ತಿಳಿ ಹಳದಿ. ಚಳಿಗಾಲದಲ್ಲಿ ಮರಳು ಮರಳಾಗಿ ಗಟ್ಟಿಯಾಗುತ್ತದೆ. ಬಿಸಿ ಮುದ್ದೆ ನಡುವೆ ಗುಳಿ ಮಾಡಿ ಒಂದು ಚಮಚ ಬಿಟ್ಟು, ಹುರುಳಿಕಾಳಿನ ಬಸ್ಸಾರಿನ ಜೊತೆ ತಿಂದು ನೋಡಿ. ಒಬ್ಬಟ್ಟಿಗಂತೂ ಬೇರೆ ತುಪ್ಪ ನಮ್ಮ ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ.

ಬೆಲೆ ಜಾಸ್ತಿ, ಅದು ನಿಜ. ಪ್ಯಾಕೆಟ್ ತುಪ್ಪಕ್ಕಿಂತ ಎರಡು ಪಟ್ಟಿಗೂ ಮೇಲೆ. ಆದರೆ ಲೆಕ್ಕ ಹಾಕಿ. ಒಂದು ಕೆಜಿ ತುಪ್ಪಕ್ಕೆ ಹಸುವಿನ ಹಾಲು 25ರಿಂದ 30 ಲೀಟರ್ ಬೇಕು. ಹಳ್ಳಿಕಾರ್ ಹಾಲಿಗೆ ಅಂತ ಬೆಳೆಸಿದ ತಳಿ ಅಲ್ಲ, ದುಡಿಮೆಯ ತಳಿ. ಉಳುವುದಕ್ಕೆ, ಗಾಡಿ ಎಳೆಯುವುದಕ್ಕೆ. ಹಸು ದಿನಕ್ಕೆ ಎರಡು ಮೂರು ಲೀಟರ್ ಕೊಟ್ಟರೆ ಅದೇ ಹೆಚ್ಚು, ಅದರಲ್ಲೂ ಈ ಮನೆಯಲ್ಲಿ ಕರುವಿನ ಪಾಲು ಮೊದಲು. ಅಂದರೆ ಒಂದು ಹಸುವಿನ ಹಾಲಿನಲ್ಲಿ ಒಂದು ಕೆಜಿ ತುಪ್ಪ ಆಗಲು ಎರಡು ವಾರ ಕಾಯಬೇಕು. ಈ ಲೆಕ್ಕ ಗೊತ್ತಾದ ಮೇಲೆ ನಾನು ಚೌಕಾಸಿ ಮಾಡುವುದನ್ನೇ ಬಿಟ್ಟೆ.

ಕರುವಿನ ಪಾಲು ಅನ್ನುವುದು ಈ ಮನೆಯಲ್ಲಿ ಬಾಯಿ ಮಾತಲ್ಲ. ನಾಲ್ಕು ಮೊಲೆಯಲ್ಲಿ ಎರಡು ಕರುವಿಗೆ ಬಿಟ್ಟು ಉಳಿದೆರಡನ್ನೇ ಕರೆಯುವುದು ತಾತನ ಕಾಲದ ಕಟ್ಟಳೆ. ಒಮ್ಮೆ ಬೆಂಗಳೂರಿನಿಂದ ಕಾರಿನಲ್ಲಿ ಬಂದವರೊಬ್ಬರು ಇರುವ ತುಪ್ಪ ಎಲ್ಲ ನನಗೇ ಕೊಡಿ, ತಿಂಗಳು ತಿಂಗಳೂ ಇದರ ಎರಡರಷ್ಟು ಬೇಕು, ಕೇಳಿದಷ್ಟು ದುಡ್ಡು ಕೊಡುತ್ತೇನೆ ಅಂದರು. ತಾತ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. "ಕರ ಕುಡ್ದು ಬಿಟ್ಟಿದ್ದಷ್ಟೇ ನಮ್ದು ಕಣಪ್ಪ, ಅದ್ಕಿಂತ ಜಾಸ್ತಿ ನಾನೆಲ್ಲಿಂದ ತರ್ಲಿ" ಅಂದರು. ದನಿ ಏರಿಸಲಿಲ್ಲ. ಅವರಿಗೆ ಒಂದು ಸೇರು ಕೊಟ್ಟು, ಮಜ್ಜಿಗೆ ಕುಡಿಸಿ ಕಳಿಸಿದರು.

ತಾತ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ ಒಕ್ಕಲು. ಬೆಟ್ಟದ ಮಾದಪ್ಪ ಅಂದರೆ ಮಂಡ್ಯ, ಮೈಸೂರು, ಚಾಮರಾಜನಗರ ಕಡೆಯ ಹಳ್ಳಿಗಳಲ್ಲಿ ಹೇಗೆ ಅನ್ನುವುದು ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ? ದನ, ಕರು, ಬೆಳೆ ಎಲ್ಲ ಅವನದು, ನಾವು ನೋಡಿಕೊಳ್ಳುವವರು ಅಷ್ಟೇ ಅನ್ನುವುದು ತಾತನ ಮಾತು. ಬೆಳಿಗ್ಗೆ ಎದ್ದು ಮುಖ ತೊಳೆದು, ವಿಭೂತಿ ಇಟ್ಟು, ಕೊಟ್ಟಿಗೆ ಬಾಗಿಲಲ್ಲಿ ನಿಂತು "ಉಘೇ ಮಾದಪ್ಪ" ಅಂದ ಮೇಲೆಯೇ ಹಗ್ಗಕ್ಕೆ ಕೈ ಹಾಕುತ್ತಿದ್ದರು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವಂತಿಲ್ಲ. ಈ ಪದ್ಧತಿ ಹಳೇ ಮೈಸೂರಿನ ಎಷ್ಟೋ ಊರಲ್ಲಿ ಇತ್ತು, ಟ್ರ್ಯಾಕ್ಟರ್ ಬಂದ ಮೇಲೆ ಸುಮ್ನೆ ನೆನಪಾಗಿ ಉಳಿದಿದೆ. ಈ ಮನೆಯಲ್ಲಿ ಇವತ್ತಿಗೂ ನಡೆಯುತ್ತದೆ. ಸೋಮವಾರದ ಹಾಲಿನ ತುಪ್ಪ ಮಾರಾಟಕ್ಕೂ ಇಲ್ಲ. ಅದು ಮೀಸಲು, ಬೇರೆ ಗಡಿಗೆಯಲ್ಲಿ ಕಟ್ಟಿಟ್ಟು ಶಿವರಾತ್ರಿಗೆ ಬೆಟ್ಟಕ್ಕೆ ಹೋಗುತ್ತದೆ. ಮಜ್ಜಿಗೆ ಊರ ಮಕ್ಕಳಿಗೆ.

ಶಿವರಾತ್ರಿಗೆ ಬೆಟ್ಟಕ್ಕೆ ನಡೆದೇ ಹೋಗುತ್ತಿದ್ದರು. ಕಾವೇರಿ ದಾಟಿ, ಕಾಡು ಹಾದಿಯಲ್ಲಿ, ಊರವರ ಜೊತೆ. ಮಂಡಿ ಕೈಕೊಟ್ಟ ಮೇಲೆ ಬಸ್ಸು. ಕೊನೆಕೊನೆಗೆ ಮೊಮ್ಮಗನ ಕೈಯಲ್ಲಿ ಮೀಸಲು ತುಪ್ಪ ಕಳಿಸಿ, ಅವನು ವಾಪಸ್ ಬರುವವರೆಗೂ ಒಪ್ಪೊತ್ತು ಇರುತ್ತಿದ್ದರು.

ವಯಸ್ಸು ತೊಂಬತ್ತರ ಮೇಲೆ. ಹುಟ್ಟಿದ ದಿನ ಅವರಿಗೂ ಗೊತ್ತಿರಲಿಲ್ಲ. ಕನ್ನಂಬಾಡಿ ಕಟ್ಟೆ ಮುಗಿದು ಇರ್ವಿನ್ ನಾಲೆಯಲ್ಲಿ ನೀರು ಬಂದ ಕಾಲದ ಕೂಸು ನಾನು ಅನ್ನುತ್ತಿದ್ದರು, ಅಂದರೆ 1930ರ ದಶಕ. ನಾಲೆ ನೀರು ಬಂದಿದ್ದರಿಂದಲೇ ಈ ಸೀಮೆಗೆ ಕಬ್ಬು ಬಂತು, ಮಂಡ್ಯದಲ್ಲಿ 1933ರಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾಯಿತು, ಕಬ್ಬು ಸಾಗಿಸಲು ಎತ್ತಿನ ಗಾಡಿ ಬೇಕಾಯಿತು. ತಾತನ ಹರೆಯವೆಲ್ಲ ಕಬ್ಬಿನ ಗಾಡಿಯ ಮೇಲೆಯೇ ಹೋಯಿತು. ರಾತ್ರಿ ಸಾಲುಗಾಡಿ, ಪ್ರತಿ ಗಾಡಿ ಕೆಳಗೆ ಲಾಟೀನು, ಹೊಡೆಯುವವನು ನಿದ್ದೆ ಹೋದರೂ ಎತ್ತು ದಾರಿ ತಪ್ಪುತ್ತಿರಲಿಲ್ಲ ಅಂತ ಅವರು ಹೇಳುವುದನ್ನು ಕೇಳುತ್ತಾ ನಾನು ಎಷ್ಟೋ ಸಲ ತುಪ್ಪ ತೆಗೆದುಕೊಳ್ಳುವುದನ್ನೇ ಮರೆತು ಕೂತಿದ್ದುಂಟು.

ಹಳ್ಳಿಕಾರ್ ಬಗ್ಗೆ ಅವರಿಗೆ ಇದ್ದ ಹೆಮ್ಮೆಗೆ ಕಾರಣವೂ ಇದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನುವ ಅರಮನೆಯ ದನಗಳ ಇಲಾಖೆ, ಟಿಪ್ಪು ಅದಕ್ಕೆ ಇಟ್ಟ ಅಮೃತ್ ಮಹಲ್ ಅನ್ನುವ ಹೆಸರು, ಅರಮನೆಗೆ ಹಾಲು ಬೆಣ್ಣೆ, ದಂಡಿಗೆ ಸಾಮಾನು ಎಳೆಯುವ ಎತ್ತು, ಈ ಎಲ್ಲದರ ಹಿಂದೆ ಇರುವ ಬೇರು ಹಳ್ಳಿಕಾರ್. 2000ದಲ್ಲಿ ಅಂಚೆ ಇಲಾಖೆ ದೇಸಿ ತಳಿಗಳ ಸ್ಟ್ಯಾಂಪ್ ತಂದಾಗ ಅದರಲ್ಲೂ ಹಳ್ಳಿಕಾರ್ ಇತ್ತು. ಯಾರೋ ಕೊಟ್ಟ ಆ ಸ್ಟ್ಯಾಂಪನ್ನು ತಾತ ಮಾದಪ್ಪನ ಪಟದ ಚೌಕಟ್ಟಿಗೆ ಸಿಕ್ಕಿಸಿದ್ದರು. ಈಗಲೂ ಅಲ್ಲೇ ಇದೆ.

ಬೇಬಿ ಬೆಟ್ಟದ ದನಗಳ ಜಾತ್ರೆಗೆ ಅವರ ಜೊತೆ ಹೋಗಿದ್ದು ನನ್ನ ಭಾಗ್ಯ. ಕೊಂಬು ಹಿಂದಕ್ಕೆ ಬಾಗಿ ಮೇಲೆದ್ದ ಹೋರಿಗಳು ಶಾಮಿಯಾನದ ಕೆಳಗೆ ಸಾಲಾಗಿ ನಿಂತಿದ್ದವು. ತಾತ ಒಂದು ಹೋರಿಯ ಹತ್ತಿರ ಹೋಗಿ ಮೊದಲು ಕಾಲು ನೋಡಿದರು, ಗೊರಸು ನೋಡಿದರು, ಬೆನ್ನ ಮೇಲೆ ಅಂಗೈ ಆಡಿಸಿ ಸುಳಿ ಎಲ್ಲಿದೆ ಅಂತ ನೋಡಿದರು. ಆಮೇಲೆ ತುಟಿ ಬಿಡಿಸಿ ಹಲ್ಲು ನೋಡಿ "ನಾಕಲ್ಲು" ಅಂದರು. ಅಷ್ಟರಲ್ಲಿ ಒಬ್ಬರು ತಾತ ತಂದಿದ್ದ ಜೋಡಿಗೆ ಬೆಲೆ ಕಟ್ಟಲು ಬಂದರು. ಟವೆಲ್ ಕೆಳಗೆ ಕೈ ಹೋಯಿತು, ಬೆರಳು ಬೆರಳು ಮಾತಾಡಿದವು, ಮುಖ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಬೆಲೆ ಕುದುರಿತು ಅಂತ ದಲ್ಲಾಳಿ ಹೇಳಿದ. ಆದರೆ ತಾತ ಮತ್ತೆ ಪ್ರಶ್ನೆ ಶುರು ಮಾಡಿದರು. ಎಷ್ಟು ಎಕರೆ ಜಮೀನು? ಮೇವು ಹಾಕೋರು ಯಾರು? ಮನೇಲಿ ಹೆಂಗಸರಿಗೆ ದನ ಕಂಡ್ರೆ ಆಗುತ್ತಾ? ಆ ಮನುಷ್ಯ ಬೇಜಾರಾಗಿ, ದುಡ್ಡು ಕೊಡ್ತೀನಿ ಅಂದ ಮೇಲೆ ಇದೆಲ್ಲ ಯಾಕೆ ಗೌಡ್ರೇ ಅಂದರು. ವ್ಯಾಪಾರ ಅಲ್ಲಿಗೇ ಮುರಿಯಿತು. ಜೋಡಿಯನ್ನು ವಾಪಸ್ ಹೊಡೆದುಕೊಂಡು ಬಂದರು. ದಾರಿಯಲ್ಲಿ ನಾನು ಒಳ್ಳೆ ಬೆಲೆ ಹೋಯಿತಲ್ಲ ತಾತ ಅಂದೆ. "ಹೆಣ್ ಕೊಡೋ ಮನೆ ಇಚಾರ್ಸಲ್ವಾ ಮಗ" ಅಂದರು, ಅಷ್ಟೇ.

2022ರ ಚರ್ಮಗಂಟು ರೋಗದ ಸಮಯದಲ್ಲಿ ಈ ಮನೆಯ ಮೇಲೆ ನನ್ನ ನಂಬಿಕೆ ಇನ್ನೂ ಗಟ್ಟಿಯಾಯಿತು. ಆ ವರ್ಷ ರಾಜ್ಯದ ಎಷ್ಟೋ ಕೊಟ್ಟಿಗೆಗಳು ಖಾಲಿಯಾದವು. ಇವರ ಕೊಟ್ಟಿಗೆಗೂ ಬಂತು. ತಾತ ದನದ ಡಾಕ್ಟರನ್ನು ಕರೆಸಿ ಲಸಿಕೆ ಹಾಕಿಸಿದರು, ಕಾಯಿಲೆ ಬಿದ್ದವನ್ನು ಬೇರೆ ಕಟ್ಟಿದರು, ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿಸಿದರು, ಆ ವಯಸ್ಸಿನಲ್ಲಿ ಕೊಟ್ಟಿಗೆಯಲ್ಲೇ ಮಂಚ ಹಾಕಿಕೊಂಡು ಮಲಗಿದರು. ಹರಕೆಯನ್ನೂ ಹೊತ್ತರು, ಸೂಜಿಯನ್ನೂ ಹಾಕಿಸಿದರು. ಮಾದಪ್ಪ ಕೈ ಬಿಡಲ್ಲ ಅಂತ ಸುಮ್ಮನೆ ಕೂರುವ ಭಕ್ತಿ ಅವರದಾಗಿರಲಿಲ್ಲ. ಆದರೂ ಒಂದು ಹಸು ಉಳಿಯಲಿಲ್ಲ. ಅದನ್ನು ಸ್ವಂತ ಹೊಲದಲ್ಲೇ, ಉಪ್ಪು ಹಾಕಿ ಮಣ್ಣು ಮಾಡಿದರು. ಆ ತಿಂಗಳುಗಳಲ್ಲಿ ತುಪ್ಪ ಇಲ್ಲವೇ ಇಲ್ಲ ಅಂತ ಅಕ್ಕ ಫೋನ್ ಮಾಡಿ ಹೇಳಿದರು. ಬೇರೆ ಕಡೆಯಿಂದ ಬೆಣ್ಣೆ ತಂದು ಕಾಯಿಸಿ ಕೊಟ್ಟಿದ್ದರೆ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಹಾಗೆ ಮಾಡಲಿಲ್ಲ. ಈ ವಿಮರ್ಶೆಯಲ್ಲಿ ನಾನು ಹೇಳುವ ಎಲ್ಲಕ್ಕಿಂತ ಇದು ದೊಡ್ಡದು.

ಮುದಿ ಹಸು ಮಾರುವುದಿಲ್ಲ ಅನ್ನುವುದು ಇನ್ನೊಂದು. ಕರೆಯುವ ಹಸುಗಳ ಪಕ್ಕದಲ್ಲೇ ಬತ್ತಿದ ಹಸುಗಳೂ ನಿಂತಿರುತ್ತವೆ, ಅವಕ್ಕೂ ಅದೇ ರಾಗಿ ಹುಲ್ಲು, ಅದೇ ಬೂಸಾ, ಅದೇ ಹಿಂಡಿ. ಅದರ ಖರ್ಚೂ ನಾವು ಕೊಡುವ ದುಡ್ಡಿನಲ್ಲಿ ಸೇರಿದೆ ಅಂತ ನನಗೆ ಗೊತ್ತು, ಸಂತೋಷದಿಂದಲೇ ಕೊಡುತ್ತೇನೆ.

ತಾತ ಹೋದದ್ದು ಕಾರ್ತಿಕದಲ್ಲಿ. ನರಳಲಿಲ್ಲ, ರಾತ್ರಿ ಮಲಗಿದವರು ಏಳಲಿಲ್ಲ. ಸುದ್ದಿ ತಿಳಿದು ಹೋದಾಗ ಅಂಗಳದಲ್ಲಿ ಜನ, ತಮಟೆ. ಕೊಟ್ಟಿಗೆ ಕಡೆ ನೋಡಿದರೆ ಅಕ್ಕ ಸೆರಗು ಸಿಕ್ಕಿಸಿಕೊಂಡು ದನಗಳಿಗೆ ಹುಲ್ಲು ಹಾಕುತ್ತಿದ್ದಾರೆ. ಕಣ್ಣು ಕೆಂಪಾಗಿತ್ತು. "ಹಸ್ಕೊಂಡ್ ನಿಂತಿದ್ರೆ ಮಾವ ಬಯ್ಯೋರು ಕಣಣ್ಣ" ಅಂದರು. ದನ ಮೇಯ್ದ ಮೇಲೆಯೇ ಮುಂದಿನ ಕಾರ್ಯ ನಡೆಯಿತು. ಮಾದಪ್ಪನ ಗುಡ್ಡರು, ಅಂದರೆ ಅವನ ಕಥೆ ಹಾಡುವ ಭಕ್ತರು, ಬಂದು ಕಂಸಾಳೆ ಹಿಡಿದು ಹಾಡಿದರು. ಇಷ್ಟು ಕಾಲ ಬದುಕಿ, ಒಬ್ಬರ ಹತ್ತಿರವೂ ಒಂದು ಕೆಟ್ಟ ಮಾತು ಕೇಳಿಸಿಕೊಳ್ಳದೆ ಹೋದವರನ್ನು ನಾನು ಜಾಸ್ತಿ ನೋಡಿಲ್ಲ. ನನಗೆ ಅವರು ನೆಂಟರಲ್ಲ, ಆದರೂ ಆ ಜಗಲಿ ಖಾಲಿ ಇರುವುದನ್ನು ನೋಡಿದರೆ ಕರುಳು ಹಿಂಡಿದಂತಾಗುತ್ತದೆ.

ಈಗ ವ್ಯವಹಾರ ಅಕ್ಕ ಮತ್ತು ಅವರ ಮಗನದು. ಹುಡುಗ ಡಿಪ್ಲೊಮಾ ಓದಿದವನು, ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದಾನೆ. ತುಪ್ಪವನ್ನು ಸ್ಟೀಲ್ ಡಬ್ಬಿಯ ಬದಲು ಗಾಜಿನ ಬಾಟಲಿಗೆ ಹಾಕುತ್ತಿದ್ದಾನೆ, ಫೋನಿನಲ್ಲಿ ದುಡ್ಡು ಹಾಕಬಹುದು. ರುಚಿಯಲ್ಲಿ ನನಗೆ ಏನೂ ವ್ಯತ್ಯಾಸ ಕಂಡಿಲ್ಲ. ಕರುವಿನ ಎರಡು ಮೊಲೆ, ಸೋಮವಾರದ ಮೀಸಲು, ಮುದಿ ಹಸು, ಯಾವುದನ್ನೂ ಬಿಟ್ಟಿಲ್ಲ. ಇದರಿಂದ ಕಾಯಿಲೆ ವಾಸಿಯಾಗುತ್ತದೆ, ಅದಾಗುತ್ತದೆ ಇದಾಗುತ್ತದೆ ಅಂತ ಬಾಟಲಿ ಮೇಲೆ ಬರೆದಿಲ್ಲ, ಅದು ನನಗೆ ತುಂಬಾ ಹಿಡಿಸಿತು.

ತೊಂದರೆಗಳೂ ಇವೆ. ಬಾಟಲಿ ಮುಚ್ಚಳ ಸರಿಯಿಲ್ಲ, ಕಾರಿನಲ್ಲಿ ಮಲಗಿಸಿದರೆ ಸೋರುತ್ತದೆ, ನಿಲ್ಲಿಸಿಯೇ ತನ್ನಿ. ಹುಡುಗನಿಗೆ ಹೇಳಿದ್ದೇನೆ, ಬದಲಾಯಿಸುತ್ತೇನೆ ಅಂದಿದ್ದಾನೆ. ಮನೆಗೆ ತಂದುಕೊಡುವ ವ್ಯವಸ್ಥೆ ಇಲ್ಲ. ಊರ ಒಳಗಿನ ರಸ್ತೆ ಮಳೆಗಾಲದಲ್ಲಿ ಕೆಸರು. ಮೊದಲೇ ಫೋನ್ ಮಾಡದೆ ಹೋದರೆ ಬರಿಗೈಲಿ ವಾಪಸ್ ಬರಬೇಕಾಗುತ್ತದೆ, ಹೇಳಿಟ್ಟರೂ ಕೆಲವೊಮ್ಮೆ ವಾರಗಟ್ಟಲೆ ಕಾಯಬೇಕು. ಹಾಲಿಗೋಸ್ಕರ ಮೈಸೂರಿನಿಂದ ಅಷ್ಟು ದೂರ ಹೋಗಬೇಡಿ, ಮಾರುವಷ್ಟು ಹಾಲು ಅವರಲ್ಲಿ ಉಳಿಯುವುದೇ ಇಲ್ಲ. ಸೋಮವಾರ ಬೇಡ. ಸಂಕ್ರಾಂತಿ ಆಸುಪಾಸಿನಲ್ಲಿ ದನಗಳನ್ನು ತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವ ಗಡಿಬಿಡಿ ಇರುತ್ತದೆ, ಆಗ ತುಪ್ಪ ಕೇಳಬೇಡಿ. ಕಿಚ್ಚು ನೋಡಲು ಬೇಕಾದರೆ ಹೋಗಿ, ಯಾರು ಹೋದರೂ ಎಳ್ಳು ಬೆಲ್ಲ ಕೊಟ್ಟು ಕೂರಿಸುತ್ತಾರೆ.

ಅರ್ಧ ಕೆಜಿ ಬಾಟಲಿಯಿಂದ ಶುರು ಮಾಡಿ, ಮನೆಯವರಿಗೆ ಹಿಡಿಸಿದರೆ ದೊಡ್ಡದು ತನ್ನಿ. ಕೈತೋಟ ಇರುವವರಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೂ ಸಿಗುತ್ತದೆ, ನಮ್ಮ ಮಲ್ಲಿಗೆ ಬಳ್ಳಿಗೆ ಅದನ್ನೇ ಹಾಕುವುದು. ಬೇಸಿಗೆಗೆ ಮುಂಚೆ ಹೇಳಿಡಿ, ಚೀಲ ನೀವೇ ತೆಗೆದುಕೊಂಡು ಹೋಗಬೇಕು.