ಖಾಲಿ ಕುರ್ಚಿಗಳ ಮುಂದೆ ಒಂದು ಕುಸ್ತಿ, ಒಂದೇ ಮೈಕು

ಕಬಡ್ಡಿ ಪಂದ್ಯಾವಳಿಗಳಲ್ಲಿ ಮೈಕ್ ಹಿಡಿಯುವುದು ನನ್ನ ಹಳೇ ಹುಚ್ಚು. ಸುತ್ತ ಜನ ಕೂಗುತ್ತಿದ್ದರೆ ಮಾತು ತಾನಾಗೇ ಬರುತ್ತದೆ. ಮಳೆ ಬಂದು ಜನ ಚದುರಿದರೆ ಸಾಕು, ಗಂಟಲು ಕಟ್ಟಿದ ಹಾಗಾಗುತ್ತದೆ. ಅದಕ್ಕೇ 1981ರ ಏಪ್ರಿಲ್‌ನಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ಜೆರ್ರಿ ಲಾಲರ್ ಮತ್ತು ಟೆರ್ರಿ ಫಂಕ್ ಆಡಿದ ಕುಸ್ತಿಯನ್ನು ನಾನು ಕುಸ್ತಿಗಿಂತ ಕಾಮೆಂಟರಿಗಾಗಿಯೇ ಜಾಸ್ತಿ ಸಲ ನೋಡಿದ್ದೇನೆ. ಅಲ್ಲಿ ಪ್ರೇಕ್ಷಕರು ಒಬ್ಬರೂ ಇಲ್ಲ.

ಆಗ ಅಲ್ಲಿನ ಕುಸ್ತಿ ವ್ಯವಹಾರ ಸೀಮೆ ಸೀಮೆಗೆ ಹಂಚಿಹೋಗಿತ್ತು. ಮೆಂಫಿಸ್ ಸೀಮೆಗೆ ಲಾಲರ್ ಅಂದರೆ ‘ಕಿಂಗ್’. ಶನಿವಾರ ಬೆಳಿಗ್ಗೆ ಟಿವಿಯಲ್ಲಿ ಲೈವ್ ಶೋ, ಸೋಮವಾರ ರಾತ್ರಿ ಮಿಡ್‌-ಸೌತ್ ಕಾಲಿಸಿಯಂ ಅನ್ನುವ ಒಳಾಂಗಣ ಕ್ರೀಡಾಂಗಣದಲ್ಲಿ ಟಿಕೆಟ್ ಪಂದ್ಯ. ಶನಿವಾರದ ಮಾತಿನ ಜಗಳವೇ ಸೋಮವಾರದ ಗಲ್ಲಾ ತುಂಬಿಸಬೇಕು. ಫಂಕ್ ಹೊರಗಿನಿಂದ, ಟೆಕ್ಸಾಸ್ ಕಡೆಯಿಂದ ಬಂದವನು. 1975ರಿಂದ 77ರವರೆಗೆ ಎನ್‌ಡಬ್ಲ್ಯೂಎ (ಆ ಸೀಮೆಗಳ ಕುಸ್ತಿ ಸಂಸ್ಥೆಗಳ ಒಕ್ಕೂಟ) ವಿಶ್ವ ಚಾಂಪಿಯನ್ ಆಗಿದ್ದವನು. ಇಲ್ಲಿನ ರೆಫ್ರಿಗಳು, ಜನ ಎಲ್ಲಾ ಲಾಲರ್ ಕಡೆಯವರೇ, ಯಾರೂ ಇಲ್ಲದ ಕಡೆ ಬಾ ನೋಡೋಣ ಅನ್ನುವುದು ಅವನ ಸವಾಲು.

ಹೀಗೆ 10,000ಕ್ಕೂ ಹೆಚ್ಚು ಜನ ಕೂರುವ ಅದೇ ಕಾಲಿಸಿಯಂನಲ್ಲಿ ಇಬ್ಬರು ಪೈಲ್ವಾನರು, ಕ್ಯಾಮೆರಾ ಹಿಡಿದವರು, ಮತ್ತು ರಿಂಗ್ ಪಕ್ಕ ಮೈಕ್ ಹಿಡಿದ ಲ್ಯಾನ್ಸ್ ರಸೆಲ್. ಶನಿವಾರದ ಶೋನಲ್ಲಿ ಅವರ ಜೊತೆ ಡೇವ್ ಬ್ರೌನ್ ಕೂರುತ್ತಿದ್ದರು. ಬ್ರೌನ್ ಅದೇ ಚಾನೆಲ್‌ನಲ್ಲಿ ಹವಾಮಾನ ವರದಿ ಓದುವವರು. ಇಲ್ಲಿ ಆ ಜೊತೆಯೂ ಇಲ್ಲ.

ಕುಸ್ತಿಯ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಪಟ್ಟುಗಳನ್ನು ನೋಡಬೇಕು ಅಂತ ಬಂದವರಿಗೆ ಇದರಲ್ಲಿ ಹೆಚ್ಚೇನೂ ಸಿಗುವುದಿಲ್ಲ. ಗುದ್ದು, ಎತ್ತಿ ಹಾಕುವುದು, ರಿಂಗ್ ಹೊರಗೆ ಎಳೆದಾಟ, ಅಷ್ಟೇ. ಜನರ ಗದ್ದಲ ಇಲ್ಲದ ಕಾರಣ ಗುದ್ದು ಎಲ್ಲಿ ತಾಗಿತು, ಎಲ್ಲಿ ತಾಗಲಿಲ್ಲ ಅನ್ನುವುದೂ ಗೊತ್ತಾಗಿಬಿಡುತ್ತದೆ. ಹೊಡೆದಾಟಕ್ಕಿಂತ ಮುಂಚಿನ ಕಾಯುವಿಕೆಯೇ ನನಗೆ ಹೆಚ್ಚು ಹಿಡಿಸಿತು. ಫಂಕ್ ಲಾಲರ್‌ಗಾಗಿ ಕಾಯುತ್ತಾ ಬಯ್ಯುತ್ತಾನೆ, ಅವನ ದನಿ ಖಾಲಿ ಕುರ್ಚಿಗಳಿಗೆ ಬಡಿದು ವಾಪಸ್ ಬರುತ್ತದೆ. ಆಮೇಲೆ ಲಾಲರ್ ಬರುತ್ತಾನೆ, ತಲೆ ಮೇಲೆ ಕಿರೀಟ ಇಟ್ಟುಕೊಂಡು! ನೋಡುವವರು ಯಾರೂ ಇಲ್ಲದಿದ್ದರೂ ರಾಜ ರಾಜನ ಹಾಗೇ ಬಂದ. ಪಾತ್ರವನ್ನು ಇಷ್ಟು ನಂಬಿದವರನ್ನು ಕಂಡರೆ ನನಗೆ ಗೌರವ.

ಈಗ ರಸೆಲ್. ನಾನು ಅವರ ಜಾಗದಲ್ಲಿ ಇದ್ದಿದ್ದರೆ ಮೌನಕ್ಕೆ ಹೆದರಿ ಕಿರುಚಿಬಿಡುತ್ತಿದ್ದೆ. ಅವರು ಹಾಗೆ ಮಾಡುವುದಿಲ್ಲ. ಬೀದಿಯಲ್ಲಿ ಜಗಳ ಬಿದ್ದಾಗ ಪಕ್ಕದ ಮನೆಯ ಹಿರಿಯರು ಮಾತಾಡುತ್ತಾರಲ್ವಾ, ಆ ದನಿ. ಏನಾಗುತ್ತಿದೆ ಅಂತ ಹೇಳುತ್ತಾರೆ, ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಬೂಟಿನ ಸದ್ದು, ಮೈ ನೆಲಕ್ಕೆ ಬಿದ್ದ ಸದ್ದು, ಏದುಸಿರು ಎಲ್ಲಾ ನಮಗೆ ಕೇಳುತ್ತದೆ. ಗೆಲ್ಲುವವರು ಯಾರು ಅಂತ ಮೊದಲೇ ತೀರ್ಮಾನವಾದ ಕುಸ್ತಿ ಇದು, ನಮಗೂ ಗೊತ್ತು. ಆದರೂ ಆ ದನಿಯ ಆತಂಕ ಕೇಳಿದರೆ ಯಾರಿಗೋ ನಿಜವಾಗಿ ಪೆಟ್ಟಾಗುತ್ತದೆ ಅನ್ನಿಸುತ್ತದೆ. ಕೊನೆಗೆ ಫಂಕ್ ಒಂದು ಚೂಪಾದ ಮರದ ತುಂಡು ಹಿಡಿದು ಲಾಲರ್ ಕಣ್ಣಿಗೆ ಚುಚ್ಚಲು ಹೋಗುತ್ತಾನೆ. ಲಾಲರ್ ಒದ್ದಾಗ ಅದು ಫಂಕ್‌ನ ಕಣ್ಣಿಗೇ ತಿರುಗುತ್ತದೆ. “ನನ್ನ ಕಣ್ಣು, ನನ್ನ ಕಣ್ಣು” ಅನ್ನುವ ಚೀರಾಟ ಇಡೀ ಕಟ್ಟಡ ತುಂಬುತ್ತದೆ. ಅಲ್ಲಿ ಬೇರೆ ಕಾಮೆಂಟೇಟರ್ ಇದ್ದಿದ್ದರೆ ಅದರ ಮೇಲೆ ತನ್ನ ಕೂಗನ್ನೂ ಸೇರಿಸಿ ಹಾಳು ಮಾಡುತ್ತಿದ್ದ.

ಒಂದು ಕೊರತೆ ಇದೆ. ರೆಫ್ರಿ ಇಲ್ಲ, ಜನ ಇಲ್ಲ ಅಂದ ಮೇಲೆ ಗೆದ್ದವರು ಯಾರು ಅಂತ ತೀರ್ಮಾನಿಸುವುದು ಹೇಗೆ? ಇಷ್ಟು ದೊಡ್ಡ ಸವಾಲು ಕಟ್ಟಿ, ಇಷ್ಟು ಬೇಗ ಮುಗಿಸಿದ್ದೂ ನನಗೆ ಸಮಾಧಾನ ಕೊಡಲಿಲ್ಲ. ಇನ್ನೊಂದು ಐದು ನಿಮಿಷ ಆ ಕುರ್ಚಿಗಳ ನಡುವೆ ಆಡಬಹುದಿತ್ತು.

1999ರಲ್ಲಿ ದಿ ರಾಕ್ ಮತ್ತು ಮ್ಯಾನ್‌ಕೈಂಡ್ ಅನ್ನುವ ಪೈಲ್ವಾನರು ಖಾಲಿ ಅಖಾಡದಲ್ಲಿ ಆಡಿದರು. 2020ರಲ್ಲಿ ಕೊರೊನಾ ಬಂದು ಅಮೆರಿಕದ ಕುಸ್ತಿಯ ದೊಡ್ಡ ವಾರ್ಷಿಕ ಜಾತ್ರೆ ರೆಸಲ್‌ಮೇನಿಯಾವೇ ಜನರಿಲ್ಲದೆ ನಡೆಯಿತು. ಎರಡೂ ನೋಡಿದೆ. ರಸೆಲ್ ಬಿಟ್ಟಷ್ಟು ಜಾಗವನ್ನು ಮೌನಕ್ಕೆ ಅಲ್ಲಿ ಯಾರೂ ಬಿಡಲಿಲ್ಲ ಅನ್ನಿಸಿತು.

ನೋಡುವವರಿಗೆ ಒಂದು ಮಾತು. ಹೆಡ್‌ಫೋನ್ ಹಾಕಿಕೊಳ್ಳಿ. ಮೊದಲ ಸಲ ಪೂರ್ತಿ ನೋಡಿ, ಎರಡನೇ ಸಲ ಕಣ್ಣು ಮುಚ್ಚಿ ಕೇಳಿ. ಕಳೆದ ಪಂದ್ಯಾವಳಿಗೆ ಮುಂಚಿನ ರಾತ್ರಿ ನಾನೂ ಹಾಗೇ ಕೇಳಿದೆ. ಮರುದಿನ ಕೊನೆಯ ರೈಡ್‌ನಲ್ಲಿ ಹುಡುಗ ಗೆರೆಗೆ ಕೈ ಚಾಚಿದಾಗ ಮೈಕನ್ನು ಬಾಯಿಂದ ಕೆಳಗಿಳಿಸಿದೆ.