ಟೊರೆಸ್ ಜೆರ್ಸಿ ಬೇಕಾದವರು ಇಲ್ಲಿಗೆ ಹೋಗಿ

ದಾವಣಗೆರೆಯಲ್ಲಿ ಕ್ರಿಕೆಟ್ ಜೆರ್ಸಿ ಎಲ್ಲಿ ಬೇಕಾದರೂ ಸಿಗುತ್ತದೆ, ಸ್ಪೇನಿನ ಫುಟ್‌ಬಾಲ್ ಆಟಗಾರ ಫರ್ನಾಂಡೊ ಟೊರೆಸ್ ಹೆಸರಿನ, ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ಬಿನ ಹಳೇ ಜೆರ್ಸಿ ಎಲ್ಲಿ ಸಿಗಬೇಕು? ಅಶೋಕ ರಸ್ತೆ ಪಕ್ಕದ ಗಲ್ಲಿಯ ಈ ಪ್ರಿಂಟಿಂಗ್ ಅಂಗಡಿಯವರು ಮಾಡಿಕೊಟ್ಟರು. ಬಟ್ಟೆ ಹಗುರ, ಬಣ್ಣ ಬಿಡಲಿಲ್ಲ. ಒಗೆದ ಮೇಲೆ ಬೆನ್ನಿನ ಮೇಲಿನ 9 ನಂಬರಿನ ಅಂಚು ಸ್ವಲ್ಪ ಎದ್ದಿತ್ತು, ತೋರಿಸಿದ ತಕ್ಷಣ ಮತ್ತೆ ಹೀಟ್ ಪ್ರೆಸ್‌ಗೆ ಇಟ್ಟು ಸರಿ ಮಾಡಿದರು, ಕಾಸು ಕೇಳಲಿಲ್ಲ.

ಅಂಗಡಿ ಹುಡುಗನಿಗೆ ಫುಟ್‌ಬಾಲ್ ಚೆನ್ನಾಗಿ ಗೊತ್ತು. "ಅಣ್ಣಾ, ಚೆಲ್ಸಿದು ಬೇಡ್ವಾ?" ಅಂದ. ಲಂಡನ್ನಿನ ಚೆಲ್ಸಿ ಕ್ಲಬ್ 2011ರಲ್ಲಿ 5 ಕೋಟಿ ಪೌಂಡ್ ಕೊಟ್ಟು ಟೊರೆಸ್‌ನನ್ನು ಕೊಂಡ ಮೇಲೆ ಗೋಲು ಕಡಿಮೆಯಾದವು ನಿಜ, ಆದರೂ 2012ರಲ್ಲಿ ಬಾರ್ಸಿಲೋನಾ ಮೈದಾನದಲ್ಲಿ ಕೊನೇ ಗಳಿಗೆಗೆ ಒಬ್ಬನೇ ಓಡಿ ಗೋಲ್‌ಕೀಪರನ್ನೂ ದಾಟಿ ಹೊಡೆದದ್ದು ಮರೆಯೋಕಾಗುತ್ತಾ? ನನಗೆ ಮಾತ್ರ ಲಿವರ್‌ಪೂಲ್‌ನ ಮೊದಲ ಸೀಸನ್ನಿನಲ್ಲೇ ಲೀಗಿನಲ್ಲಿ 24 ಗೋಲು ಹೊಡೆದ ಟೊರೆಸೇ ಬೇಕು. ಅದೇ ವರ್ಷ, 2008ರ ಯೂರೊ ಕಪ್ ಫೈನಲ್‌ನಲ್ಲಿ ಜರ್ಮನಿಯ ಡಿಫೆಂಡರ್ ಲಾಮ್‌ನನ್ನು ಹಿಂದೆ ಹಾಕಿ, ಗೋಲ್‌ಕೀಪರ್ ಲೆಹ್ಮನ್ ಮೇಲಿಂದ ಚೆಂಡು ಎತ್ತಿ ಹಾಕಿದ. ಸ್ಪೇನ್ ಗೆದ್ದಿದ್ದು ಆ ಒಂದೇ ಗೋಲಿನಲ್ಲಿ.

2019ರಲ್ಲಿ ಜಪಾನಿನಲ್ಲಿ ಆಟ ನಿಲ್ಲಿಸಿದ. ಆಮೇಲೆ ತಾನು ಬೆಳೆದ ಅಟ್ಲೆಟಿಕೊ ಮ್ಯಾಡ್ರಿಡ್‌ನಲ್ಲೇ ಹುಡುಗರ ತಂಡಕ್ಕೆ ಕೋಚ್ ಆದ, 2024ರಲ್ಲಿ ಕ್ಲಬ್ಬಿನ ಎರಡನೇ ತಂಡವಾದ ಬಿ ಟೀಮ್ ಕೈಗೆ ಬಂತು. ಹೀಗೆ ಕೆಳಗಿನಿಂದ ಶುರು ಮಾಡಿದ್ದು ನನಗೆ ತುಂಬಾ ಇಷ್ಟ.

ಅಂಗಡಿಯಲ್ಲಿ ಹಬ್ಬದ ಟೈಮಿಗೆ ಆರ್ಡರ್ ಜಾಸ್ತಿ, ಮೊದಲೇ ಹೇಳಿಬಿಡಿ. ಸೈಜ್ ಒಂದು ದೊಡ್ಡದೇ ತಗೊಳ್ಳಿ.